ಬೆಳ್ಳಿಚಿಕ್ಕಿ ಅಳೆದ ಓವರ್‌ಸಿಯರ್

ಬರೆಯಲು ಕೂತದ್ದು: 1997ರ ಡಿಸೆಂಬರ್ 28, ಭಾನುವಾರ, ಸಂಜೆ 6 ಗಂಟೆ 20 ನಿಮಿಷ. ಸಿಂಧನೂರು, ನಮ್ಮ ಮನೆಯ ಮಾಳಿಗೆ. ಮೋಡವಿಲ್ಲ. ಪಶ್ಚಿಮದಲ್ಲಿ ಬೆಳ್ಳಿಚಿಕ್ಕಿ ಇದೆ. ನಮ್ಮ ಕಡೆ ಶುಕ್ರಗ್ರಹಕ್ಕೆ ಹಾಗೆ ಅನ್ನುತ್ತಾರೆ.

ಈ ತಿಂಗಳ 19ರಂದು ನಮ್ಮ ಸಾಹೇಬರು ತೀರಿಕೊಂಡರು. ನನಗೆ ಗೊತ್ತಾದದ್ದು 23ರಂದು, ಮಂಗಳವಾರ. ಸಿಂಧನೂರಿನಿಂದ ಲಿಂಗಸುಗೂರಿನ ಆಫೀಸಿಗೆ ಹೋಗುವ ನನ್ನ ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಅಲ್ಲಿ ಶೇಂಗಾ ಮಾರುವ ಅಜ್ಜಿ ಕಿಟಕಿಯ ಹತ್ತಿರ ಬಂದು, ಪೊಟ್ಟಣ ಕೊಡದೆ ನಿಂತಳು.

"ಯಾಕಜ್ಜಿ?"

"ನಿಮ್ಮ ಸಾಹೇಬ್ರು ಹೋದ್ರವ್ವ. ಶುಕ್ರವಾರ. ಮಣ್ಣೂ ಆತು. ನಿನಗ ಹೇಳಿ ಕಳಿಸಾಕ ಯಾರೂ ಸಿಗಲಿಲ್ಲ."

ಅಂದಿನ ಡೈರಿಯಲ್ಲಿ ಇಷ್ಟೇ ಇದೆ. ಇವತ್ತು ನನ್ನ ಏಳೂ ಡೈರಿಗಳನ್ನು ತೆಗೆದು ಅವರ ಮಾತು ಬಂದ ದಿನಗಳನ್ನು ಎಣಿಸಿದೆ. ನೂರ ಹದಿನೆಂಟು. ಅವುಗಳಿಂದ ಆರಿಸಿ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನು ಹಾಕುವುದಿಲ್ಲ. ಅವರು ತಮ್ಮ ಹೆಸರನ್ನು ಮನಸ್ಸಿಟ್ಟು ಬರೆಯುತ್ತಿದ್ದದ್ದು ಒಂದೇ ಜಾಗದಲ್ಲಿ, ತಾವು ಮಾಡಿದ ತಪ್ಪಿನ ಪಕ್ಕದಲ್ಲಿ. ಇದು ಆ ಜಾಗವಲ್ಲ.

ಅವರು ಕಾಲುವೆ ಇಲಾಖೆಯಲ್ಲಿ ಓವರ್‌ಸಿಯರ್. ನೀರು ಎಲ್ಲಿಂದ ಎಲ್ಲಿಗೆ ಎಷ್ಟು ಇಳಿದು ಹೋಗಬೇಕೆಂದು ದುರ್ಬೀನು ಹಿಡಿದು ಅಳೆಯುವುದು ಅವರ ಕೆಲಸ. ದುರ್ಬೀನಿನ ಎದುರು, ದೂರದಲ್ಲಿ, ಅಂಕಿ ಬರೆದ ಉದ್ದನೆಯ ಮರದ ಪಟ್ಟಿ ಹಿಡಿದು ನಿಲ್ಲುವ ಖಲಾಸಿ ಒಬ್ಬ ಇರುತ್ತಾನೆ. ಇಪ್ಪತ್ತು ವರ್ಷ ಅವರ ಎದುರು ಹಾಗೆ ನಿಂತವನು ನನ್ನ ಅಬ್ಬಾ. ಕ್ವಾರ್ಟರ್ಸ್‌ನಲ್ಲಿ ನಮ್ಮದೂ ಅವರದೂ ಒಂದೇ ಗೋಡೆ.

ಆ ದುರ್ಬೀನಿನ ಗುಣವೊಂದಿದೆ. ಅದರಲ್ಲಿ ಕಂಡದ್ದೆಲ್ಲ ತಲೆಕೆಳಗು. ಮರದ ಬೇರು ಮೇಲೆ, ಕೊಂಬೆ ಕೆಳಗೆ. ಪಟ್ಟಿಯ ಅಂಕಿಗಳನ್ನೇ ಅದಕ್ಕಾಗಿ ಉಲ್ಟಾ ಬರೆದಿರುತ್ತಾರೆ, ಒಳಗೆ ನೋಡಿದಾಗ ಸರಿಯಾಗಿ ಕಾಣಲಿ ಎಂದು. ಈ ಮಾತು ಬಂದಾಗಲೆಲ್ಲ ಸಾಹೇಬರಿಗೆ ಅಬ್ಬಾನನ್ನು ಛೇಡಿಸದಿದ್ದರೆ ಊಟ ಸೇರುತ್ತಿರಲಿಲ್ಲ.

"ನಿಮ್ಮಪ್ಪನ್ನ ಇಪ್ಪತ್ತು ವರ್ಷ ತಲಿಕೆಳಗ ನಿಲ್ಲಿಸೀನಿ. ಒಂದಿನಾರ ತಕರಾರು ಮಾಡ್ಯಾನೇನು ಕೇಳವ್ವ."

"ನನ್ನ ಕಾಲು ನೆಲದ ಮ್ಯಾಲ ಇದ್ದುವು ಸಾಬ್. ನಿಮ್ಮ ಕಣ್ಣು ಎಲ್ಲಿದ್ದುವೋ ನಿಮಗ ಗೊತ್ತು," ಎನ್ನುತ್ತಿದ್ದ ಅಬ್ಬಾ.

1991ರಲ್ಲಿ ನನಗೆ ಅದೇ ಇಲಾಖೆಯಲ್ಲಿ ನಕಾಶೆ ತೆಗೆಯುವ ಟ್ರೇಸರ್ ಕೆಲಸ ಸಿಕ್ಕಿತು. ಮೊದಲ ಒಂದು ತಿಂಗಳು ಸಿಂಧನೂರಿನಲ್ಲೇ ಅವರ ಕೈಕೆಳಗೆ ತರಬೇತಿ. ಮೊದಲ ದಿನ ಅವರು ನನ್ನ ಪೆನ್ಸಿಲ್ ಡಬ್ಬಿ ತೆಗೆದು ನೋಡಿ, ರಬ್ಬರನ್ನು ಎರಡು ಬೆರಳಲ್ಲಿ ಹಿಡಿದು, ಕಿಟಕಿಯಿಂದ ಹೊರಗೆ ಎಸೆದರು.

"ನಕಾಶೆಗೆ ಆಮ್ಯಾಲ ಬೇಕಾದ್ರ ಹೊಸಾದು ತಗೊ. ಅಳತಿ ಬರಕೊಳ್ಳೋ ಫೀಲ್ಡ್ ಬುಕ್ಕಿಗೆ ಇದು ಹತ್ತಬಾರದು. ಅಂಕಿ ತಪ್ಪಾತು ಅನ್ನು. ಏನು ಮಾಡ್ತಿ?"

"ಅಳಸ್ತೀನಿ ಸಾಹೇಬ್ರ."

"ಅಳಿಸಿದ್ರ ನೀ ಕಳ್ಳಿ. ಒಂದು ಗೆರಿ ಎಳಿ. ಒಂದಾ. ಕೆಳಗಿನ ಅಂಕಿ ಓದಾಕ ಬರಬೇಕು. ಮ್ಯಾಲ ಸರಿ ಅಂಕಿ ಬರಿ. ಪಕ್ಕದಾಗ ಸಹಿ ಹಾಕು, ತಾರೀಖು ಹಾಕು. ತಪ್ಪು ಮಾಡಿದಾಕಿ ನಾನಾ ಅಂತ ನಾಕು ಮಂದಿಗೆ ಗೊತ್ತಾಗಲಿ."

ತಾರೀಖು ಹಾಕುವ, ಎಣಿಸಿಡುವ ನನ್ನ ಈ ಚಟ ಆ ತಿಂಗಳು ಅವರಿಂದ ಅಂಟಿದ್ದು.

ದಢೇಸುಗೂರಿನ ಕಡೆಯ ರೈತರು ಅವರನ್ನು ದಾರಿಯಲ್ಲಿ ನಿಲ್ಲಿಸಿ, "ನಕಾಶೆದಾಗ ನಮ್ಮ ಹೊಲಕ್ಕ ನೀರು ತೋರಿಸ್ಯಾರ, ಬರವಲ್ದಲ್ರೀ" ಎಂದರೆ, "ನೀರಿಗೆ ನಕಾಶೆ ಓದಾಕ ಬರಂಗಿಲ್ಲಪ್ಪ, ಇಳುಕಲು ಒಂದಾ ಗೊತ್ತು" ಎಂದು ಅಲ್ಲೇ ದುರ್ಬೀನು ಹೂಡಿ ಮತ್ತೆ ಅಳೆಯುತ್ತಿದ್ದರು. ಪುಸ್ತಕದಲ್ಲಿ ಏನೇ ಇರಲಿ, ಅವರು ನಂಬುತ್ತಿದ್ದದ್ದು ತಮ್ಮ ಕಣ್ಣು ಓದಿದ ಅಂಕಿಯನ್ನು. ಅದು ಅವರ ಬಲ. ಒಂದು ಸಲ ಅವರನ್ನು ಕೆಡವಿದ್ದೂ ಅದೇ.

ಅವರು ಕ್ರೈಸ್ತರು. ಮೂಲ ಮಸ್ಕಿಯವರು. ಅಲ್ಲಿಯ ಸಣ್ಣ ಸಭೆಗೆ ಪಾಸ್ಟರು ತಿಂಗಳಿಗೊಮ್ಮೆ ಬರುತ್ತಿದ್ದರು, ಉಳಿದ ಭಾನುವಾರಗಳಂದು ಪ್ರಾರ್ಥನೆ ನಡೆಸಿ ಪ್ರಸಂಗ ಮಾಡುವ ಉಪದೇಶಿ ಇವರೇ. ಇವರ ಪ್ರಸಂಗದಲ್ಲಿ ತೂಬು, ಗೇಟು, ಹೂಳು ಎಲ್ಲ ಬರುತ್ತಿದ್ದವಂತೆ. ಆಕಾಶವೂ ಬರತೊಡಗಿದ್ದು 1993ರಿಂದ. ಆ ಜನವರಿಯಲ್ಲಿ ಇಲಾಖೆ ಹಳೆಯ ಸಾಮಾನು ಹರಾಜಿಗೆ ಹಾಕಿದಾಗ, ಅಂಕಿತಟ್ಟೆ ಸವೆದು ಅಳತೆಗೆ ಬಾರದ ಒಂದು ದುರ್ಬೀನನ್ನು ಅವರು ಹಿಡಿದರು. ಅದನ್ನು ಮೇಲಕ್ಕೆ ಬಾಗಿಸಬಹುದಿತ್ತು. ಜನವರಿ 24ರ ಸಂಜೆ ಅಂಗಳದಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಹೂಡಿ ಬೆಳ್ಳಿಚಿಕ್ಕಿಯ ಕಡೆ ತಿರುಗಿಸಿದರು. ಚಿಕ್ಕಿ ಚುಕ್ಕಿಯಾಗಿರಲಿಲ್ಲ. ಅರ್ಧ ಕತ್ತರಿಸಿದ ರೊಟ್ಟಿಯಂತಿತ್ತು.

ಅಂದಿನಿಂದ ಹೊಸ ಫೀಲ್ಡ್ ಬುಕ್ಕು. ದಿನಕ್ಕೊಂದು ಪುಟ, ಪುಟಕ್ಕೊಂದು ಚಿತ್ರ, ಗಂಟೆ, ನಿಮಿಷ. ಚಿಕ್ಕಿಯ ಬಗ್ಗೆ ಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಹಿಂದಿನ ಪುಟಗಳಿಗೆ ಅಂಟಿಸುತ್ತಿದ್ದರು. ಅದು ಭೂಮಿಗೆ ಅತಿ ಹತ್ತಿರ ಬರುವ ಗ್ರಹ, ಗಾತ್ರವೂ ಹೆಚ್ಚುಕಡಿಮೆ ನಮ್ಮಷ್ಟೇ, ಆದರೆ ನೆಲದ ಮೇಲೆ ಸೀಸ ಕರಗುವ ಕಾವು. ರಷ್ಯಾದವರು ಅಲ್ಲಿ ಇಳಿಸಿದ ಯಂತ್ರಗಳು ಒಂದೆರಡು ತಾಸು ಬದುಕಿ ಸತ್ತಿದ್ದವು. ಅಮೆರಿಕದವರ ನೌಕೆಯೊಂದು ಮೋಡದ ಹೊರಗಿನಿಂದಲೇ ಸುತ್ತಿ ರೇಡಾರಿನಲ್ಲಿ ಅದರ ನೆಲದ ನಕಾಶೆ ತೆಗೆದಿತ್ತು. ಆ ಚಿತ್ರವನ್ನು ಅವರು ಬಂದವರಿಗೆಲ್ಲ ತೋರಿಸುತ್ತಿದ್ದರು. "ಕಣ್ಣಿಗೆ ಕಾಣದ ನೆಲಕ್ಕ ಲೆವೆಲ್ ತಗದಾರ ನೋಡ್ರಿ. ನನ್ನ ಸರ್ವೀಸಿನಾಗ ಒಂದು ಸಲಾನಾ ಇಂಥಾದು ಮಾಡಿದ್ರ ಸಾಕಿತ್ತು."

ಒಂದು ಭಾನುವಾರ ಪಾಸ್ಟರು ಇವರ ಮನೆಗೆ ಊಟಕ್ಕೆ ಬಂದಿದ್ದರು. ನಾನು ಸೇಮಿಗೆ ಕೊಡಲು ಹೋದವಳು ಅಲ್ಲೇ ನಿಂತೆ. "ಆಕಾಶ ದೇವರ ಹೊಲ. ಅದರಾಗ ನಮಗೇನು ಕೆಲಸ?" ಎಂದರು ಪಾಸ್ಟರು.

"ಹೊಲ ಅಂದ್ರ ಬಾಂದುಕಲ್ಲು ಇರಬೇಕಲ್ರೀ ಅಯ್ಯನವರ. ಮೂವತ್ತು ವರ್ಷ ಬಾಂದುಕಲ್ಲು ಹುಡುಕಿದ ಮನಷ್ಯಾ ನಾ. ಭೂಮಿ ಮ್ಯಾಲಾದ್ರ ಹೆಜ್ಜಿಗೊಂದು ಐತಿ. ಅಲ್ಲಿ ಒಂದೂ ಕಾಣವಲ್ದು."

"ಅಂಥಾ ಬೆಂಕಿ ಐತಿ ಅಂದ್ರ ಅದಾ ನರಕ ಇರಬೇಕು ಬಿಡ್ರಿ."

"ಹೋಗಿ ನೋಡಿ ಬಂದಾರಲ್ರೀ, ಒಬ್ಬರೂ ಇಲ್ಲಂತ. ನರಕ ಖಾಲಿ ಐತಿ ಅಂದ್ರ ನೀವು ನಾವು ಖುಷಿ ಪಡಬೇಕಿಲ್ಲೇನು?"

ಪಾಸ್ಟರು ನಕ್ಕರು, ಆದರೆ ಒಪ್ಪಲಿಲ್ಲ. ಇವರು ಬಿಡಲಿಲ್ಲ. ನೆರೆಯವರನ್ನು ಪ್ರೀತಿಸಬೇಕೆಂದು ಯೇಸುಸ್ವಾಮಿ ಹೇಳಿದ್ದಾರೆ, ಭೂಮಿಗೆ ನೆರೆಮನೆ ಇದು, ಮುಖವನ್ನೇ ನೋಡದೆ ಪ್ರೀತಿಸುವುದು ಹೇಗೆ ಎಂಬುದು ಅವರ ವಾದ. ಬಡಿಸುತ್ತಿದ್ದ ಅಮ್ಮಾವರು, ಅಂದರೆ ಅವರ ಹೆಂಡತಿ, ಸಾರಿನ ಸೌಟು ಹಿಡಿದುಕೊಂಡೇ ಹೇಳಿದರು: "ನೆರಿಮನಿ ಅಂದ್ರ ಈ ಹುಡುಗಿ ಮನಿ. ಅವರ ನಲ್ಲಿ ಕೆಟ್ಟು ಎಂಟು ದಿನ ಆತು. ಮದಲ ಅದನ್ನ ಪ್ರೀತಿಸ್ರಿ."

ಅವರ ಬುಕ್ಕಿನ ಚಿತ್ರವಿಲ್ಲದ ಪುಟಗಳಲ್ಲಿ ಒಂದು ಆ ವಾರದ್ದು. "ಫೆ. 3. ನೋಡಿಲ್ಲ. ನೆರೆಮನೆ ನಲ್ಲಿ" ಎಂದಿದೆ.

ಅವರ ಚಿತ್ರಗಳಲ್ಲಿ ಬೆಳ್ಳಿಚಿಕ್ಕಿ ದಿನದಿನಕ್ಕೆ ತೆಳುವಾಗಿ, ಫೆಬ್ರುವರಿಯಲ್ಲಿ ಚಂದ್ರನ ಹಾಗೆ ಬಾಗಿತು. ಕವುಚಿ ಹಾಕಿದ ಬಟ್ಟಲಿನ ಆಕಾರ. ಬೆಳಕಿನ ಹೊಟ್ಟೆ ಮೇಲೆ, ಕೊಂಬು ಕೆಳಗೆ. ಸೂರ್ಯ ಮುಳುಗಿದ್ದು ಕೆಳಗೆ, ದಿಗಂತದ ಕಡೆ. ಹಾಗಾದರೆ ಚಿಕ್ಕಿಯ ಬೆಳಗಿದ ಮುಖ ಸೂರ್ಯನ ಕಡೆಗಿಲ್ಲ, ಸೂರ್ಯನಿಗೆ ಬೆನ್ನು ಹಾಕಿದೆ! ಅದರ ಬೆಳಕು ಸೂರ್ಯನದೆಂದು ಪುಸ್ತಕಗಳಲ್ಲಿ ಇದೆಯೆಂದು ಅವರಿಗೆ ಗೊತ್ತಿತ್ತು. "ಪುಸ್ತಕ ಹೇಳೋದು ಬ್ಯಾರೆ, ರೀಡಿಂಗ್ ಹೇಳೋದು ಬ್ಯಾರೆ. ನಾ ರೀಡಿಂಗ್ ನಂಬತೀನಿ," ಎಂದರು. ಫೆಬ್ರುವರಿ 14ರ ಭಾನುವಾರ ಮಸ್ಕಿಯಲ್ಲಿ ಅದನ್ನೇ ಪ್ರಸಂಗ ಮಾಡಿದರು. ಸೂರ್ಯನಿಗೆ ಮುಖ ತಿರುಗಿಸಿದ ಚಿಕ್ಕಿಯನ್ನೂ ದೇವರು ಕತ್ತಲಲ್ಲಿ ಬಿಟ್ಟಿಲ್ಲ, ತನ್ನದೇ ಬೆಳಕು ಕೊಟ್ಟಿದ್ದಾನೆ. ನಲವತ್ತೊಂದು ಮಂದಿ ಕೇಳಿದರು.

ಮರುದಿನ ಮಸ್ಕಿಯಲ್ಲಿ ಶೇಂಗಾ ಮಾರುವ ಅಜ್ಜಿ, ಅವಳೂ ಆ ಸಭೆಯವಳೇ, ಕಿಟಕಿಗೆ ಬಂದು ಒಂದು ಪೊಟ್ಟಣಕ್ಕೆ ಎರಡು ಕೊಟ್ಟಳು. ಅವಳ ಮಗ ಹಿಂದಿನ ವರ್ಷ ಸತ್ತಿದ್ದ. ಸಭೆಗೆ ಬರುವುದನ್ನು ಬಿಟ್ಟವನು, ದೇವರು ಗೀವರು ಇಲ್ಲ ಎಂದು ಜಗಳವಾಡಿ ಮನೆ ಬಿಟ್ಟು ಹೋದವನು, ಜ್ವರ ಬಂದು ಪರಸ್ಥಳದಲ್ಲಿ ತೀರಿಕೊಂಡಿದ್ದ. ಅವನು ಕತ್ತಲಿಗೇ ಹೋದ ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಒಂದು ವರ್ಷ ಅವಳು ಸರಿಯಾಗಿ ಉಂಡಿರಲಿಲ್ಲ.

"ನಿನ್ನೆ ನಿಮ್ಮ ಸಾಹೇಬ್ರು ಹೇಳಿದ್ರವ್ವ. ಮಾರಿ ತಿರಿವಿದ್ರೂ ಬೆಳಕು ಇರತೈತಂತ. ದುರ್ಬೀನಿಲೆ ನೋಡ್ಯಾರಂತ. ರಾತ್ರಿ ನಿದ್ದಿ ಬಂತು."

ಆ ಪ್ರಸಂಗವನ್ನು ಈಸ್ಟರ್ ಹಬ್ಬಕ್ಕೆ ಸಣ್ಣ ಪುಸ್ತಿಕೆಯಾಗಿ ಅಚ್ಚು ಮಾಡಿಸಬೇಕೆಂದು ಸಾಹೇಬರು ಬರೆದರು. ಅಕ್ಷರ ದುಂಡಗಿದೆ ಎಂದು ನಕಲು ಮಾಡುವ ಕೆಲಸ ನನಗೆ. ಹನ್ನೊಂದು ಪುಟ. ಅದನ್ನು ಲಿಂಗಸುಗೂರಿನ ಪ್ರೆಸ್ಸಿಗೆ ಫೆಬ್ರುವರಿ 22ರಂದು ನಾನೇ ಒಯ್ದುಕೊಟ್ಟೆ.

ಮರುದಿನ ಸಂಜೆ ನಮ್ಮ ಓಣಿಯವರೆಲ್ಲ ಮಾಳಿಗೆ ಹತ್ತಿ ರಮಜಾನಿನ ಚಂದ್ರನನ್ನು ಹುಡುಕಿದೆವು. ಆ ವಿಷಯದಲ್ಲಿ ಅಬ್ಬಾನ ಕಣ್ಣೇ ಕಣ್ಣು. "ಕೊಂಬು ಮ್ಯಾಲ, ಹೊಟ್ಟಿ ಕೆಳಗ, ತೊಟ್ಟಿಲಿದ್ದಂಗ ನೋಡ್ರಿ, ಚಿಕ್ಕಿಯಿಂದ ಕೆಳಗ," ಎಂದು ಬೆರಳು ತೋರಿದ. ಎಲ್ಲರೂ ಕಂಡೆವು. ಹೊಟ್ಟೆ ಸೂರ್ಯ ಮುಳುಗಿದ ಕಡೆಗೇ ಇತ್ತು. ಯಾವಾಗಲೂ ಹಾಗೇ ಇರುತ್ತದೆ. ಅದು ಗೊತ್ತಿಲ್ಲದೆ ನಮ್ಮಲ್ಲಿ ಯಾರೂ ಬೆಳೆಯುವುದಿಲ್ಲ.

24, ಬುಧವಾರ. ಆ ವರ್ಷ ನಮ್ಮ ಮೊದಲ ರೋಜಾ, ಅವರ ಉಪವಾಸಕಾಲವೂ ಶುರುವಾಗುವ ಬೂದಿ ಬುಧವಾರ ಒಂದೇ ದಿನ ಬಂದಿದ್ದವು. ರೋಜಾ ಬಿಟ್ಟ ಮೇಲೆ ಖರ್ಜೂರ, ಮಿರ್ಚಿ ಬಜಿ ಒಯ್ದೆ. ಸಾಹೇಬರು ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡು ದುರ್ಬೀನಿಗೆ ಬಗ್ಗಿದ್ದರು. "ಈ ಹೊತ್ತು ನಿಮ್ಮ ಚಂದ್ರ ನಮ್ಮ ಚಿಕ್ಕಿ ಬಾಜೂಕ ಬಂದಾನ. ನೋಡವ್ವ," ಎಂದು ಜಾಗ ಬಿಟ್ಟು ಬಜಿಗೆ ಕೈ ಹಾಕಿದರು.

ನೋಡಿದೆ. ಚಂದ್ರ ಕವುಚಿ ಬಿದ್ದಿದ್ದ. ಕೊಂಬು ಕೆಳಗೆ, ಹೊಟ್ಟೆ ಮೇಲೆ. ದುರ್ಬೀನಿನಿಂದ ಕಣ್ಣು ತೆಗೆದು ನೋಡಿದೆ. ತೊಟ್ಟಿಲು ತೊಟ್ಟಿಲಾಗಿಯೇ ಇತ್ತು. ಮತ್ತೆ ಒಳಗೆ ನೋಡಿದೆ.

"ಹೆಂಗೈತಿ?"

"ಛಲೋ ಐತ್ರಿ," ಎಂದು ಮನೆಗೆ ಬಂದುಬಿಟ್ಟೆ.

ನನಗೆ ಗೊತ್ತಾಗಿತ್ತು. ದಿನಾ ಅಬ್ಬಾನನ್ನು ತಲೆಕೆಳಗು ನೋಡಿ ನಗುವ ಮನುಷ್ಯ, ಅದೇ ಬಗೆಯ ದುರ್ಬೀನನ್ನು ಆಕಾಶಕ್ಕೆ ತಿರುಗಿಸಿದಾಗ ಅದು ತಲೆಕೆಳಗು ತೋರಿಸುತ್ತದೆಂಬುದನ್ನು ಮರೆತಿದ್ದರು. ಮರೆತಿದ್ದರು ಎನ್ನುವುದೂ ಸರಿಯಲ್ಲ. ಮೂವತ್ತು ವರ್ಷದ ಅಭ್ಯಾಸದಲ್ಲಿ ಅವರ ಕಣ್ಣಿಗೆ ತಲೆಕೆಳಗೆಂಬುದೇ ಉಳಿದಿರಲಿಲ್ಲ. ಅಂಕಿಗಳು ಅವರಿಗೆ ಸರಿಯಾಗಿಯೇ ಕಾಣುತ್ತಿದ್ದವು. ಅದಕ್ಕೆ ಮುಂಚೆ ಅವರು ದುರ್ಬೀನಿನಲ್ಲಿ ಚಂದ್ರನನ್ನು ನೋಡಿದ್ದು ಹುಣ್ಣಿಮೆಯಂದು ಮಾತ್ರ, ಹುಣ್ಣಿಮೆಯ ಚಂದ್ರನಿಗೆ ತಲೆ ಯಾವುದು, ಕಾಲು ಯಾವುದು?

ಒಂಬತ್ತು ದಿನ ಸುಮ್ಮನಿದ್ದೆ. ಆ ಒಂಬತ್ತು ದಿನದಲ್ಲಿ ಬಸ್ಸು ಮಸ್ಕಿಯಲ್ಲಿ ನಿಂತಾಗಲೆಲ್ಲ ಅಜ್ಜಿ ನಗುತ್ತ ಬರುತ್ತಿದ್ದಳು. ಬೆಳ್ಳಿಚಿಕ್ಕಿಯ ಬೆಳಗಿದ ಮುಖ ಸೂರ್ಯನ ಕಡೆಗೇ ಇದೆ, ಬೆನ್ನು ಹಾಕಿದ ಬದಿ ಕತ್ತಲೆಯೇ ಎಂದು ಗೊತ್ತಾದರೆ ಅವಳ ಮಗ ಮತ್ತೆ ಎಲ್ಲಿಗೆ ಹೋಗುತ್ತಾನೆ? ಪ್ರೆಸ್ಸಿನಿಂದ ಮೊದಲ ಪ್ರೂಫ್ ಬಂತು. ಅದನ್ನು ಚೀಲದಲ್ಲಿಟ್ಟುಕೊಂಡು ಎರಡು ದಿನ ಅತ್ತಿಂದಿತ್ತ ಓಡಾಡಿದೆ. ಕಡೆಗೆ ಅಬ್ಬಾನಿಗೆ ಹೇಳಿದೆ.

ಅಬ್ಬಾ ಕೈಯಲ್ಲಿದ್ದ ತಸ್ಬೀ ಮಣಿಸರವನ್ನು ಕೆಳಗಿಟ್ಟ. "ಬೇಟಿ, ನಾ ಪಟ್ಟಿ ಹಿಡಕೊಂಡು ನಿಂತಾಗ ಅದು ವಾಲಿದ್ದು ನನಗ ಗೊತ್ತಿದ್ದೂ ಸುಮ್ಮನ ನಿಂತ್ರ, ಸಾಬ್‌ಗ ಆ ಹೊತ್ತು ಬ್ಯಾಸರ ಆಗಂಗಿಲ್ಲ. ಖರೇ. ಆದ್ರ ಮುಂದ ನೀರು ಏರತೈತೇನು?"

"ಅಜ್ಜಿಗೆ ಏನು ಹೇಳೋದು ಅಬ್ಬಾ?"

"ಅದು ಸಾಬ್ ಕೆಲಸ. ಪಟ್ಟಿ ನೆಟ್ಟಗ ಹಿಡಿಯೋದು ನಮ್ಮದು."

ಮಾರ್ಚ್ 5, ಶುಕ್ರವಾರ, ಸಂಜೆ 6 ಗಂಟೆ 5 ನಿಮಿಷ. ಸೂರ್ಯ ಇನ್ನೂ ಇದ್ದ. ಅಬ್ಬಾ ಆಫೀಸಿನ ಪಟ್ಟಿ ಹಿಡಿದು ಕ್ವಾರ್ಟರ್ಸ್‌ನ ಕಾಂಪೌಂಡ್ ಆಚೆ ಇನ್ನೂರು ಹೆಜ್ಜೆ ದೂರ ಹೋಗಿ ನಿಂತ. ನಾನು ಸಾಹೇಬರನ್ನು ಕರೆದು, ಅಬ್ಬಾನ ಕಡೆ ದುರ್ಬೀನು ತಿರುಗಿಸಲು ಕೇಳಿಕೊಂಡೆ. ಅವರು ಕಣ್ಣಿಟ್ಟರು.

"ನಿಮ್ಮಪ್ಪ ತಲಿಕೆಳಗ ನಿಂತಾನ. ಇದರಾಗೇನು ಹೊಸಾದು?"

"ಈಗ ಹಂಗಾ ಚಿಕ್ಕಿ ಕಡೆ ತಿರಗಸ್ರಿ ಸಾಹೇಬ್ರ."

ಅವರು ದುರ್ಬೀನನ್ನು ಮೇಲೆತ್ತತೊಡಗಿದರು. ಅರ್ಧಕ್ಕೆ ಕೈ ನಿಂತಿತು. ಚಿಕ್ಕಿಯನ್ನು ನೋಡಲೇ ಇಲ್ಲ. ಕಣ್ಣು ತೆಗೆದು, ದೂರದಲ್ಲಿ ಪಟ್ಟಿ ಹಿಡಿದು ನೆಟ್ಟಗೆ ನಿಂತಿದ್ದ ಅಬ್ಬಾನನ್ನು ಬರಿಗಣ್ಣಿನಿಂದ ನೋಡುತ್ತ ನಿಂತರು. ಅಷ್ಟರಲ್ಲಿ ಮಸೀದಿಯಿಂದ ರೋಜಾ ಬಿಡುವ ಕೂಗು ಬಂತು. ಅಬ್ಬಾ ಅಲ್ಲೇ ಕಿಸೆಯಿಂದ ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡ. ಪಟ್ಟಿ ಮಾತ್ರ ಬಿಡಲಿಲ್ಲ.

"ಮ್ಯಾಲ ನಿಮ್ಮಪ್ಪ ಇರಲಿಲ್ಲ ನೋಡವ್ವ," ಎಂದರು ಸಾಹೇಬರು. "ಯಾರರ ಒಬ್ಬ ಮನಷ್ಯಾ ನಿಂತಿದ್ರ ನನಗ ಗೊತ್ತಾಗ್ತಿತ್ತು."

ಒಳಗೆ ಹೋಗಿ ಬುಕ್ಕು ತಂದರು. "ಎಷ್ಟು ಚಿತ್ರ?"

ನಾನು ಎಣಿಸಿಯೇ ಬಂದಿದ್ದೆ. ನಲವತ್ತು ಸಂಜೆ, ಮೋಡ ಮೂರು, ಟೂರು ಒಂದು, ನಲ್ಲಿ ಒಂದು. "ಮೂವತ್ತೈದು ಸಾಹೇಬ್ರ."

ಅಂಗಳದ ಕಟ್ಟೆಯ ಮೇಲೆ ಕೂತು ಒಂದೊಂದೇ ಚಿತ್ರದ ಮೇಲೆ ಒಂದೊಂದು ಗೆರೆ ಎಳೆದರು. ಪಕ್ಕದಲ್ಲಿ ಬೆಳಕಿನ ಹೊಟ್ಟೆ ಕೆಳಗಿರುವ ಹಾಗೆ ಮತ್ತೆ ಬರೆದು, ಸಹಿ ಮಾಡಿ, 5-3-93 ಎಂದು ಹಾಕಿದರು. ಮೂವತ್ತೈದು ಸಲ. ಅಮ್ಮಾವರು ಕಂದೀಲು ತಂದಿಟ್ಟು, ಏನಾಯಿತೆಂದು ನನ್ನನ್ನು ಕಣ್ಣಲ್ಲೇ ಕೇಳಿ, ಒಳಗೆ ಹೋದರು. ಕೊನೆಯ ಸಹಿ ಹಾಕಿದ ಮೇಲೆ ಸಾಹೇಬರು ಹೇಳಿದ್ದು ಒಂದೇ ಮಾತು: "ಕಾಗದದ ಮ್ಯಾಲಿನ ಲೆಕ್ಕ ಮುಗೀತು. ನಲವತ್ತೊಂದು ಮಂದಿದು ಉಳೀತು."

ಮರುದಿನ ನನ್ನ ಜೊತೆ ಲಿಂಗಸುಗೂರಿಗೆ ಬಂದು ಪ್ರೆಸ್ಸಿನಲ್ಲಿ ಕೆಲಸ ನಿಲ್ಲಿಸಲು ಹೇಳಿದರು. "ಒಂದು ಪುಟ ಬದಲಿ ಮಾಡಿದ್ರ ಆತಲ್ರೀ," ಎಂದ ಮೊಳೆ ಜೋಡಿಸುವವನು. "ಬುಡಾನ ವಾಲೈತಿ ತಮ್ಮಾ. ಪೂರಾ ಬಿಚ್ಚಿಬಿಡು," ಎಂದರು. ಹೋಗುವಾಗ ಮಸ್ಕಿಯಲ್ಲಿ ಅಜ್ಜಿ ಕಿಟಕಿಗೆ ಬಂದಾಗ ಅವರು ಪೊಟ್ಟಣ ತೆಗೆದುಕೊಂಡು ಚಿಲ್ಲರೆ ಎಣಿಸಿಕೊಟ್ಟರು, ಅಷ್ಟೇ. ಬಸ್ಸು ಹೊರಟ ಮೇಲೆ, "ಕಿಟಕ್ಯಾಗಿಂದ ಹೇಳೋ ಮಾತಲ್ಲ ಅದು. ಹೇಳಾಕ ಇನ್ನೂ ನನಗ ಬರವಲ್ದು," ಎಂದರು.

ಮುಂದಿನ ಭಾನುವಾರಗಳಂದು ಬೇರೆ ಪ್ರಸಂಗ ಮಾಡಿದರಂತೆ. ಚಿಕ್ಕಿಯ ಮಾತು ಎತ್ತಲಿಲ್ಲ. ಪ್ರತಿ ಸಂಜೆ ಚಿತ್ರ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಚಿಕ್ಕಿ ದೊಡ್ಡದಾಗುತ್ತ, ತೆಳುವಾಗುತ್ತ ಕೆಳಗಿಳಿಯಿತು. ಮಾರ್ಚ್ 27 ಕೊನೆಯ ಸಂಜೆ. ಅದು ಮುಂದೇನಾಗುತ್ತದೆಂದು ತೋರಿಸಲು ನಾನು ಆಫೀಸಿನಲ್ಲಿ ಉಳಿದ ಟ್ರೇಸಿಂಗ್ ಕಾಗದದ ತುಂಡಿನ ಮೇಲೆ ಒಂದು ನಕಾಶೆ ತೆಗೆದುಕೊಟ್ಟೆ. ನಡುವೆ ಸೂರ್ಯ, ಹೊರಗಿನ ಸುತ್ತಿನಲ್ಲಿ ನಾವು, ಒಳಗಿನ ಸುತ್ತಿನಲ್ಲಿ ಆರು ಕಡೆ ಚಿಕ್ಕಿ. ಆರಕ್ಕೂ ಅರ್ಧ ಭಾಗ ಕಪ್ಪು ಶಾಯಿ ತುಂಬಿದ್ದೆ.

ಅವರು ಕನ್ನಡಕ ಏರಿಸಿ ನೋಡಿದರು. "ಎಲ್ಲಾ ಕಡಿಗೂ ಅರ್ಧ ಬೆಳಕು ಬಿಟ್ಟೀಯಲ್ಲ. ಇಲ್ಲಿ, ನಮಗ ಹತ್ತರ ಇದ್ದಾಗ, ಎಳಿಯಷ್ಟ ಕಾಣ್ತೈತಿ. ಎಳಿಯಷ್ಟ ಬಿಡಬೇಕಿಲ್ಲೇನು?"

"ಕಾಣೋದು ಎಳಿಯಷ್ಟರಿ. ಬೆಳಕು ಬೀಳೋದು ಅರ್ಧಕ್ಕಾ. ಬೆಳಗಿದ ಮಗ್ಗಲು ಆಚೆ ಕಡಿ ಇರತೈತಿ."

"ಯಾವಾಗೂ ಅರ್ಧ?"

"ಯಾವಾಗೂ."

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಮರಳಿ ಕೊಡಲಿಲ್ಲ.

ಚಿಕ್ಕಿ ಎಂಟು ದಿನ ಕಾಣಲಿಲ್ಲ. ಏಪ್ರಿಲ್ 5ರಂದು ಬೆಳಗಿನ ಜಾವ ಪೂರ್ವದಲ್ಲಿ ಕಂಡಿತು. 11ನೇ ತಾರೀಖು ಈಸ್ಟರ್. ಅವತ್ತು ಅವರ ಸಭೆಯವರು ಸೂರ್ಯ ಹುಟ್ಟುವ ಮುಂಚೆ ಮಸ್ಕಿಯ ಹೊರಗೆ ಒಂದು ಬಂಡೆಯ ಮೇಲೆ ಸೇರಿ ಪ್ರಾರ್ಥನೆ ಮಾಡುವ ರೂಢಿ ಇದೆ. ನಾನೂ ಅಬ್ಬಾನೂ ಸಾಹೇಬರ ಜೊತೆ ಹಿಂದಿನ ಸಂಜೆಯೇ ಹೋಗಿ ಅವರ ಅಣ್ಣನ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಸ್ಟ್ಯಾಂಡ್ ಹೊತ್ತವನು ಅಬ್ಬಾ. ಯಾರಿಗೂ ಕೊಡಲಿಲ್ಲ.

ಹಾಡು ಮುಗಿದ ಮೇಲೆ ಸಾಹೇಬರು ಎದ್ದುನಿಂತು ಬುಕ್ಕು ತೆರೆದು ಎತ್ತಿ ಹಿಡಿದರು.

"ಫೆಬ್ರುವರಿ 14ರಂದು ನಾ ನಿಮಗ ಒಂದು ರೀಡಿಂಗ್ ಹೇಳಿದ್ದೆ. ತಪ್ಪು ರೀಡಿಂಗ್. ದುರ್ಬೀನು ಸುಳ್ಳು ಹೇಳಿಲ್ಲ, ಓದಿದಾವ ನಾನು. ಇಲ್ಲಿ ಗೆರಿ ಎಳದೀನಿ, ನನ್ನ ಸಹಿ ಐತಿ. ಚಿಕ್ಕಿಗೆ ಸ್ವಂತ ಬೆಳಕಿಲ್ಲ. ಸೂರ್ಯನ ಕಡೆ ಇದ್ದ ಮಗ್ಗಲಾ ಬೆಳಗತೈತಿ."

ಮುಂದೆ ಕೂತಿದ್ದ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡಿತು.

ಸಾಹೇಬರು ಕಿಸೆಯಿಂದ ನನ್ನ ಕಾಗದ ತೆಗೆದರು. "ಇನ್ನೊಂದು ಮಾತು ನನಗ ಗೊತ್ತಿರಲಿಲ್ಲ. ಆ ಚಿಕ್ಕಿ ಯಾವಾಗೂ ಅರ್ಧ ಬೆಳಗೇ ಇರತೈತಿ. ಕಡಿಮಿ ಆಗೋದು ಅದರ ಬೆಳಕಲ್ಲ, ನಮಗ ಕಾಣೋದು. ನಮ್ಮ ಹತ್ತರ ಬಂದಷ್ಟು ಅದರ ಕತ್ತಲ ಮಗ್ಗಲಾ ನಮಗ ಕಾಣ್ತೈತಿ. ಬೆಳಗಿದ ಮಗ್ಗಲು ಆಚೆ ಇರತೈತಿ, ಸೂರ್ಯಂಗ ಕಾಣ್ತಿರತೈತಿ."

ಆಮೇಲೆ ಒಬ್ಬೊಬ್ಬರನ್ನೇ ದುರ್ಬೀನಿಗೆ ಕರೆದು, "ತಲಿಕೆಳಗ ಕಾಣ್ತೈತಿ, ನೆನಪಿರಲಿ" ಎಂದು ಪ್ರತಿಯೊಬ್ಬರಿಗೂ ಹೇಳಿ ತೋರಿಸಿದರು. ಅಜ್ಜಿಯ ಸರದಿ ಬಂದಾಗ ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಹಿಂದೆ ನಿಂತವರು ಗೊಣಗಿದರು. ಕಣ್ಣು ತೆಗೆಯದೆಯೇ ಕೇಳಿದಳು:

"ಅಂದ್ರ, ನನ್ನ ಮಗಂದು ನನಗ ಕಂಡಿದ್ದು ಈಚೆ ಮಗ್ಗಲ ಅಷ್ಟೇನ್ರೀ?"

ಸಾಹೇಬರು ಬುಕ್ಕು ಮುಚ್ಚಿದರು. "ಅಷ್ಟು ದುರ್ಬೀನಿನಾಗ ಕಾಣಂಗಿಲ್ಲವ್ವ. ಆ ಮಾತು ನಾ ಹೇಳಿದ್ದಲ್ಲ. ನಿಂದು."

"ನಂದಾ ಇರಲಿ ಬಿಡ್ರಿ," ಎಂದಳು ಅಜ್ಜಿ. "ಅದಕ್ಕ ನೀವೇನು ಸಹಿ ಹಾಕಬ್ಯಾಡ್ರಿ."

ಸೂರ್ಯ ಹುಟ್ಟಿದ ಮೇಲೆ ಎಲ್ಲರಿಗೂ ಮಂಡಾಳು, ಅಂದರೆ ಮಂಡಕ್ಕಿ, ಜೊತೆಗೆ ಚಹಾ. ಅಜ್ಜಿ ಎರಡು ಸಲ ಹಾಕಿಸಿಕೊಂಡಳು. ಅದನ್ನೂ ಬರೆದಿಟ್ಟಿದ್ದೇನೆ.

ಸಾಹೇಬರು 1994ರ ಜೂನ್‌ನಲ್ಲಿ ನಿವೃತ್ತರಾಗಿ ಮಸ್ಕಿಗೆ ಹೋದರು. ಬೀಳ್ಕೊಡುವ ದಿನ ಅಬ್ಬಾನಿಗೆ ಶಾಲು ಹೊದಿಸಿ, "ಈಗಾದರೂ ನೆಟ್ಟಗ ನಿಂದರಪ್ಪ" ಎಂದರು. ಅದಾದ ಮೇಲೆ ಅವರನ್ನು ನಾನು ಕಂಡದ್ದು ಒಂಬತ್ತು ಸಲ, ಒಂಬತ್ತೂ ಬಸ್ಸಿನ ಕಿಟಕಿಯಿಂದ.

ನಿನ್ನೆ ಮಸ್ಕಿಗೆ ಹೋಗಿ ಅಮ್ಮಾವರನ್ನು ಕಂಡೆ. ಮೊದಲ ಬುಕ್ಕನ್ನು ಬಟ್ಟೆಯಲ್ಲಿ ಸುತ್ತಿ ನನಗಾಗಿ ಇಟ್ಟಿದ್ದರು. ಟ್ರೇಸಿಂಗ್ ಕಾಗದ ಅದರೊಳಗೇ ಇದೆ, ಮಡಿಕೆಯಲ್ಲಿ ಹರಿದಿದೆ. ಎರಡನೆಯ ಬುಕ್ಕು ಮನೆಯಲ್ಲಿಲ್ಲ. 1994ರಲ್ಲಿ, 1996ರಲ್ಲಿ ಬೆಳ್ಳಿಚಿಕ್ಕಿ ಮತ್ತೆ ಹೀಗೆ ಬಾಗಿದಾಗ ಬರೆದ ಚಿತ್ರಗಳು ಅದರಲ್ಲಿವೆ. "ಯಾರೋ ಸಾಲಿ ಮಾಸ್ತರು ದುರ್ಬೀನು ಸೈತ ಒಯ್ದಾರವ್ವ, ಹುಡುಗರಿಗೆ ತೋರಸ್ತೀನಂತ. ಆರ್.ಎಚ್. ಕ್ಯಾಂಪಿನ ಕಡ್ಯಾವರೋ, ದಢೇಸುಗೂರಾವರೋ, ನೆನಪಿಲ್ಲ," ಎಂದರು ಅಮ್ಮಾವರು.

ಈಗ 8 ಗಂಟೆ 10 ನಿಮಿಷ. ಚಿಕ್ಕಿ ಮುಳುಗಿದೆ. ಎರಡು ಮೂರು ದಿನದಲ್ಲಿ ರಮಜಾನಿನ ಚಂದ್ರ ಅದೇ ಜಾಗದಲ್ಲಿ ಕಾಣಬೇಕು. ಅಬ್ಬಾನಿಗೆ ಕಣ್ಣು ಮಂದವಾಗಿದೆ, ಈ ವರ್ಷ ತೋರಿಸುವವಳು ನಾನೇ.

ಇದನ್ನು ಓದುವವರಲ್ಲಿ ಆ ಮಾಸ್ತರರಿದ್ದರೆ, ಅಥವಾ ಅವರು ಯಾರೆಂದು ಬಲ್ಲವರಿದ್ದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ಒಂದು ಕಾರ್ಡು ಬರೆಯಿರಿ. ಬುಕ್ಕನ್ನು ಮರಳಿ ಕೊಡಬೇಕಾಗಿಲ್ಲ. ಅದರಲ್ಲಿ ಎಷ್ಟು ಚಿತ್ರಗಳಿವೆ, ಕೊನೆಯ ತಾರೀಖು ಯಾವುದು, ಎಷ್ಟು ಕಡೆ ಗೆರೆ ಎಳೆದು ಸಹಿ ಹಾಕಿದ್ದಾರೆ, ಇಷ್ಟು ತಿಳಿಸಿದರೆ ಸಾಕು. ಮಕ್ಕಳ ಕೈಗೆ ಕೊಡುವಾಗ ಒಂದು ಮಾತು ಹೇಳಿಕೊಡಿ. ಗೆರೆ ಎಳೆದ ಚಿತ್ರಗಳು ಕಂಡರೆ ಪುಟ ಕೆಟ್ಟಿದೆ ಎಂದು ರಬ್ಬರ್ ಹಚ್ಚಬಾರದು.